ತರಬೇತಿ ಮುಗಿದ ಮೇಲಿನ ನಲವತ್ತೈದು ದಿನ

ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಕಲಿತು ಬೆಂಗಳೂರಿಗೋ ಹೊಸೂರಿಗೋ ಕೆಲಸಕ್ಕೆ ಹೋದ ಮಕ್ಕಳು ಊರಿಗೆ ವಾಪಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲೇ ಬರುತ್ತಾರೆ. ‘ಮೈ ಬಗ್ಗಲಿಲ್ಲ, ಓಡಿ ಬಂದ’ ಎಂದು ಊರು ಆಡಿಕೊಳ್ಳುತ್ತದೆ. ಬಹಳ ಸಲ ಆಗಿರುವುದು ಬೇರೆಯೇ: ಕೈಯಲ್ಲಿ ಕಾಸು ಮುಗಿದಿರುತ್ತದೆ.

ಈ ಯೋಜನೆ ಶುರುವಾದದ್ದು 2014ರ ಸೆಪ್ಟೆಂಬರ್ 25ರಂದು. 15ರಿಂದ 35 ವರ್ಷದೊಳಗಿನ ಗ್ರಾಮೀಣ ಬಡ ಕುಟುಂಬದವರು ಸೇರಬಹುದು. ಮಹಿಳೆಯರಿಗೆ ಮತ್ತು ಅಂಗವಿಕಲರಿಗೆ ವಯೋಮಿತಿ 45. ಬಿಪಿಎಲ್ ಕಾರ್ಡ್ ಇಲ್ಲದವರಿಗೂ ದಾರಿಯಿದೆ. ಮನೆಯಲ್ಲಿ ಒಬ್ಬರು ಸ್ವಸಹಾಯ ಸಂಘದಲ್ಲಿದ್ದರೆ, ಅಥವಾ ಹಿಂದಿನ ವರ್ಷ ಉದ್ಯೋಗ ಖಾತರಿಯಲ್ಲಿ 15 ದಿನ ಕೆಲಸ ಮಾಡಿದ್ದರೆ ಸಾಕು. ತರಬೇತಿ ಕನಿಷ್ಠ ಮೂರು ತಿಂಗಳು, 576 ಗಂಟೆ. ಅಭ್ಯರ್ಥಿಯಿಂದ ಶುಲ್ಕ ಪಡೆಯುವಂತಿಲ್ಲ. ಕಲಿತವರಲ್ಲಿ ಶೇ 70 ಮಂದಿಗೆ ಕೆಲಸ ಕೊಡಿಸುವುದು ತರಬೇತಿ ಸಂಸ್ಥೆಯ ಹೊಣೆ. ಸಂಸ್ಥೆಗೆ ಸರ್ಕಾರದ ಹಣ ಕಂತು ಕಂತಾಗಿ ಬರುತ್ತದೆ. ಅಭ್ಯರ್ಥಿ ಮೂರು ತಿಂಗಳು ಕೆಲಸದಲ್ಲಿ ನಿಂತು, ಸಂಬಳದ ಚೀಟಿಯೋ ಬ್ಯಾಂಕ್ ವಿವರವೋ ಸಂಸ್ಥೆಯ ಕೈಗೆ ಸಿಕ್ಕರೆ ಮಾತ್ರ ಕೊಡಿಸಿದ ಕೆಲಸ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆ ಮೂರು ತಿಂಗಳು ನಿಮ್ಮನ್ನು ವಿಚಾರಿಸಿಕೊಳ್ಳುವುದು ಅವರ ಉಪಕಾರವಲ್ಲ, ಅವರ ಕೆಲಸ. ಸಂಕೋಚವಿಲ್ಲದೆ ಫೋನ್ ಮಾಡಿ.

ಈಗ ದುಡ್ಡಿನ ಲೆಕ್ಕ. ಜೂನ್ 10ಕ್ಕೆ ಕೆಲಸಕ್ಕೆ ಸೇರಿದಿರಿ ಅಂದುಕೊಳ್ಳಿ. ಮೊದಲ ಸಂಬಳ ಬರುವುದು ಜುಲೈ 7ರ ಆಸುಪಾಸಿಗೆ, ಅದೂ 21 ದಿನಕ್ಕೆ ಮಾತ್ರ. ಹಾಜರಿ ಲೆಕ್ಕವನ್ನು 20ನೇ ತಾರೀಖಿಗೇ ಮುಗಿಸುವ ಕಾರ್ಖಾನೆಯಾದರೆ ಕೈಗೆ ಬರುವುದು ಹನ್ನೊಂದೇ ದಿನದ ಕೂಲಿ. ಹೊಸ ಸಂಬಳ ಖಾತೆಯ ಎಟಿಎಂ ಕಾರ್ಡ್ ಬರುವುದು ತಡವಾದರೆ ಇನ್ನೊಂದು ವಾರ ಹೋಯಿತು. ಅಷ್ಟರಲ್ಲಿ ಪಿಜಿಯ ಅಡ್ವಾನ್ಸ್, ಒಂದು ತಿಂಗಳ ಬಾಡಿಗೆ, ಊಟ, ಬಸ್ ಪಾಸ್ ಎಲ್ಲಕ್ಕೂ ಕಾಸು ಬೇಕು. ಕೆಲಸಕ್ಕೆ ಸೇರಿದ ಮೇಲೆ ತಿಂಗಳಿಗೆ 1,000 ರೂಪಾಯಿ ನೆರವು ಕೊಡಲು ಮೂಲ ಮಾರ್ಗಸೂಚಿಯಲ್ಲೇ ಅವಕಾಶವಿದೆ. ಸ್ವಂತ ಜಿಲ್ಲೆಯಲ್ಲಾದರೆ ಎರಡು ತಿಂಗಳು, ರಾಜ್ಯದೊಳಗೆ ಬೇರೆ ಜಿಲ್ಲೆಯಾದರೆ ಮೂರು, ಹೊರರಾಜ್ಯವಾದರೆ ಆರು ತಿಂಗಳು. ಆದರೆ ಇದು ಕೆಲಸಕ್ಕೆ ಸೇರಿದ ದಾಖಲೆ ತೋರಿಸಿದ ಮೇಲೆ ಬರುವ ಹಣ. ಮೊದಲ ವಾರದ ಊಟಕ್ಕೆ ಅದನ್ನು ನಂಬಿಕೊಂಡರೆ ಕೆಟ್ಟಿರಿ.

ಇಲ್ಲಿಯೇ ಸಂಘದ ಬಲ ಬೇಕಾಗುವುದು. ಅಮ್ಮ ಸಂಜೀವಿನಿ ಎಂಬ ಸರ್ಕಾರಿ ಯೋಜನೆಯ ಸ್ವಸಹಾಯ ಸಂಘದಲ್ಲಿದ್ದರೆ, ಮಕ್ಕಳು ಹೊರಡುವ ಮೊದಲೇ ಸಂಘದ ಒಳಸಾಲವಾಗಿ ಆರೆಂಟು ಸಾವಿರ ಎತ್ತಿಕೊಳ್ಳಲಿ. ಕಂತು ಎರಡನೇ ಸಂಬಳದಿಂದ ಶುರುವಾಗುವಂತೆ ಸಭೆಯಲ್ಲೇ ನಡಾವಳಿ ಬರೆಸಲಿ. ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳು ಹಸು ಕೊಳ್ಳಲು, ಅಂಗಡಿ ಇಡಲು ಸಾಲ ಕೊಡುತ್ತವೆ. ಕೆಲಸಕ್ಕೆ ಹೊರಟ ಮಗಳ ಪಿಜಿ ಅಡ್ವಾನ್ಸನ್ನೂ ಅಷ್ಟೇ ಗಂಭೀರವಾದ ಬಂಡವಾಳವೆಂದು ಅವು ನೋಡಬೇಕು. ನೇಮಕಾತಿ ಪತ್ರದ ಪ್ರತಿ ಇಟ್ಟುಕೊಂಡು ಕೊಟ್ಟರೆ ವಸೂಲಿ ಕಷ್ಟವಾಗದು.

ಎರಡನೇ ಪೆಟ್ಟು ಸಂಬಳದ ಚೀಟಿ ನೋಡಿದಾಗ ಬೀಳುತ್ತದೆ. ‘ಸಿಟಿಸಿ (ಒಬ್ಬ ನೌಕರನಿಗೆ ಕಂಪನಿ ಮಾಡುವ ಒಟ್ಟು ಖರ್ಚು) 14,863’ ಎಂದು ಹೇಳಿ ಕಳಿಸಿರುತ್ತಾರೆ, ಖಾತೆಗೆ ಬಿದ್ದಿರುವುದು 11 ಸಾವಿರ ಚಿಲ್ಲರೆ. ಮೋಸ ಹೋದೆವೆಂದು ಹುಡುಗರು ಅಂದೇ ಗಂಟುಮೂಟೆ ಕಟ್ಟುತ್ತಾರೆ. ಲೆಕ್ಕ ಹೀಗಿರುತ್ತದೆ: ಮೂಲ ವೇತನ 12,000, ಮನೆ ಬಾಡಿಗೆ ಭತ್ಯೆ 1,000, ಒಟ್ಟು 13,000. ಪಿಎಫ್‌ಗೆ ಮೂಲ ವೇತನದ ಶೇ 12, ಅಂದರೆ 1,440. ಕಾರ್ಮಿಕರ ವಿಮೆಯಾದ ಇಎಸ್‌ಐಗೆ ಒಟ್ಟು ಸಂಬಳದ ಶೇ 0.75, ಅಂದರೆ 98. ಉಳಿಯುವುದು 11,462. ಕಂಪನಿ ತನ್ನ ಪಾಲಿನ ಪಿಎಫ್ ಮತ್ತು ಶೇ 3.25 ಇಎಸ್‌ಐಯನ್ನೂ ಸೇರಿಸಿ ಸಿಟಿಸಿ ಹೇಳಿರುತ್ತದೆ. ನಿಮ್ಮ ಸಂಬಳದಿಂದ ಹೋಗುವ ಪಿಎಫ್, ಇಎಸ್‌ಐ ಎರಡೂ ಸರಿಯಾದ ಕಡಿತ. ಕೆಲಸದಲ್ಲಿ ಅಪಘಾತವಾದರೆ ಇಎಸ್‌ಐ ರಕ್ಷಣೆ ಮೊದಲ ದಿನದಿಂದಲೇ ಇದೆ. ಕೇಳಬೇಕಾದದ್ದು ಕ್ಯಾಂಟೀನ್, ವಾಹನ, ಹಾಸ್ಟೆಲ್ ಕಡಿತಗಳ ಬಗ್ಗೆ. ‘ಎಲ್ಲ ಕಳೆದು ಕೈಗೆ ಎಷ್ಟು?’ ಎಂಬ ಪ್ರಶ್ನೆಗೆ ತರಬೇತಿ ಕೇಂದ್ರದವರಿಂದ ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.

ದಾಖಲೆಗಳ ತಕರಾರನ್ನು ತರಬೇತಿಯ ಮೊದಲ ವಾರವೇ ಬಗೆಹರಿಸಿಕೊಳ್ಳಿ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹಿಂದೆ. ಹುಟ್ಟಿದ ತಾರೀಖು ಆಧಾರ್‌ನಲ್ಲಿ ಜನವರಿ 1, ಅಂಕಪಟ್ಟಿಯಲ್ಲಿ ಬೇರೆ. ಹೀಗಿದ್ದರೆ ಪಿಎಫ್‌ನ ಯುಎಎನ್ ಸಂಖ್ಯೆಯಲ್ಲಿ ತೊಡಕಾಗುತ್ತದೆ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಆದ್ದರಿಂದ ಅಂಕಪಟ್ಟಿ ಕೈಯಲ್ಲಿ ಹಿಡಿದೇ ಕೇಂದ್ರಕ್ಕೆ ಹೋಗಿ, ರಸೀದಿಯ ಒಂದೊಂದು ಅಕ್ಷರವನ್ನೂ ಓದಿ ನೋಡಿ. ಇನ್ನೊಂದು ಮಾತು: ಕಂಪನಿ ತೆರೆದ ಹೊಸ ಖಾತೆಗೆ ನೇರ ವರ್ಗಾವಣೆಯ ಆಧಾರ್ ಜೋಡಣೆ ಬದಲಾದರೆ, ಆಧಾರ್ ಮೂಲಕ ಬರುವ ಸರ್ಕಾರದ ಹಣವೆಲ್ಲ ಅಲ್ಲಿಗೇ ಹೋಗುತ್ತದೆ. ಹಳೆಯ ಖಾತೆ ಖಾಲಿಯಿದೆ ಎಂದು ಗಾಬರಿಯಾಗುವ ಮುನ್ನ ಅದನ್ನು ನೋಡಿ.

ಮನೆ ಬಿಟ್ಟು ಹೋಗಲಾಗದವರನ್ನು, ಉದಾಹರಣೆಗೆ ಚಿಕ್ಕ ಮಕ್ಕಳ ತಾಯಂದಿರನ್ನು, ಗುರಿಯ ಸಂಖ್ಯೆ ತುಂಬಿಸಲು ಈ ಯೋಜನೆಗೆ ಸೇರಿಸುವುದು ತಪ್ಪು. ಅವರಿಗೆ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯ ಸ್ವಉದ್ಯೋಗ ತರಬೇತಿ ಸರಿಹೊಂದುತ್ತದೆ. ಊಟ, ವಸತಿ ಉಚಿತ, ಅವಧಿ ಕೆಲವು ವಾರಗಳಷ್ಟೇ. ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಲ್ಲುತ್ತಾರೆ. ಇದೇ ಮಾದರಿಯ ಸಂಸ್ಥೆಗಳನ್ನು ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುತ್ತಿವೆ.

ಕೆಲಸದ ಜಾಗ ಹೇಳಿದಂತಿಲ್ಲದಿದ್ದರೆ ರಾತ್ರೋರಾತ್ರಿ ಬಸ್ ಹತ್ತಬೇಡಿ. ಮೊದಲು ತರಬೇತಿ ಕೇಂದ್ರಕ್ಕೆ ತಿಳಿಸಿ. ಅಲ್ಲಿ ಉತ್ತರ ಸಿಗದಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿರುವ ಸಂಜೀವಿನಿ ಘಟಕಕ್ಕೆ ಬರೆದುಕೊಡಿ. ನೇಮಕಾತಿ ಪತ್ರ, ಯುಎಎನ್, ದುಡಿದಷ್ಟು ದಿನದ ಹಾಜರಿಯ ಫೋಟೊ, ಈ ಮೂರು ನಿಮ್ಮ ಬಳಿ ಇದ್ದರೆ ಬಾಕಿ ಸಂಬಳ ಕೇಳುವುದೂ ಸುಲಭ, ಬೇರೆ ಕಡೆ ಕೆಲಸ ಕೊಡಿಸಿ ಎನ್ನುವುದೂ ಸುಲಭ.