ನಾಲ್ಕು ಗೊಂಬೆ, ಎಂಟು ಪ್ರಶ್ನೆ

ಮೇಜಿನ ಮೇಲೆ ನಾಲ್ಕು ಗೊಂಬೆ. ಎಲ್ಲವೂ ಒಂದೇ ಅಚ್ಚು. ಸೊಂಟಕ್ಕೆ ಬಿಳಿ ಬಟ್ಟೆ, ಅಷ್ಟೇ. ಎರಡಕ್ಕೆ ಕಂದು ಮೈ, ಕಪ್ಪು ಕೂದಲು. ಇನ್ನೆರಡಕ್ಕೆ ಬಿಳಿ ಮೈ, ಹಳದಿ ಕೂದಲು. ಎದುರಿಗೆ ಕೂತ ಕಪ್ಪು ಮಗುವಿಗೆ ಒಂದೊಂದಾಗಿ ಪ್ರಶ್ನೆ. ಯಾವ ಗೊಂಬೆ ಜೊತೆ ಆಡ್ತೀಯಾ? ಒಳ್ಳೇ ಗೊಂಬೆ ಯಾವುದು? ಕೆಟ್ಟದಾಗಿ ಕಾಣೋದು ಯಾವುದು? ಚೆಂದದ ಬಣ್ಣ ಯಾವುದರದ್ದು? ಆಮೇಲೆ, ಬಿಳಿ ಮಗುವಿನ ಥರ ಇರೋದು, ಕಪ್ಪು ಮಗುವಿನ ಥರ ಇರೋದು ಯಾವುದು ಅಂತ ಗುರುತಿಸುವ ಮೂರು ಪ್ರಶ್ನೆ. ಎಂಟನೆಯದು ಕೊನೆಯದು: ನಿನ್ನ ಥರ ಇರೋ ಗೊಂಬೆ ಕೊಡು.

ಇದು 1940ರ ಸುಮಾರಿನ ಅಮೆರಿಕ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ. ಹಾಗಂತ ಕಾನೂನೇ ಹೇಳುತ್ತಿತ್ತು.

ಈ ಪರೀಕ್ಷೆ ಮಾಡಿದವರು ಮೇಮಿ ಕ್ಲಾರ್ಕ್ ಮತ್ತು ಅವರ ಗಂಡ ಕೆನೆತ್ ಕ್ಲಾರ್ಕ್. ಇಬ್ಬರೂ ಕಪ್ಪು ಜನಾಂಗದವರು, ಇಬ್ಬರೂ ಮನಃಶಾಸ್ತ್ರ ಓದಿದವರು. ಹೆಚ್ಚಿನ ಕಡೆ ಕೆನೆತ್ ಹೆಸರೇ ಮೊದಲು ಬರುತ್ತದೆ. ಆದರೆ ಬೀಜ ಮೇಮಿ ಅವರದ್ದು. ಈ ಮಾತನ್ನು ಕೆನೆತ್ ಅವರೇ ಒಪ್ಪಿಕೊಂಡಿದ್ದರು. ಮೇಮಿ ಹುಟ್ಟಿದ್ದು 1917ರಲ್ಲಿ, ಅರ್ಕನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್ ಊರಲ್ಲಿ. ಅಪ್ಪ ಡಾಕ್ಟರ್. ಆದರೂ ಅವರು ಓದಿದ್ದು ಕಪ್ಪು ಮಕ್ಕಳ ಶಾಲೆಯಲ್ಲೇ. ತಾನು ಯಾರು, ತನ್ನ ಬಣ್ಣ ಯಾವುದು ಅಂತ ಪುಟ್ಟ ಮಗುವಿಗೆ ಯಾವಾಗ ಗೊತ್ತಾಗುತ್ತದೆ? ಈ ಪ್ರಶ್ನೆಯನ್ನು ಅವರು ಎಂ.ಎ. ಪ್ರಬಂಧಕ್ಕೇ ಎತ್ತಿಕೊಂಡಿದ್ದರು.

ಇಬ್ಬರೂ ಒಟ್ಟು 253 ಕಪ್ಪು ಮಕ್ಕಳನ್ನು ಮಾತಾಡಿಸಿದರು. ಎಲ್ಲರೂ ಮೂರರಿಂದ ಏಳು ವರ್ಷದವರು. 134 ಮಕ್ಕಳು ಅರ್ಕನ್ಸಾದ ಪ್ರತ್ಯೇಕ ಶಾಲೆಗಳವರು. 119 ಮಕ್ಕಳು ಉತ್ತರದ ಮ್ಯಾಸಚೂಸೆಟ್ಸ್‌ನಲ್ಲಿ ಬಿಳಿ ಮಕ್ಕಳ ಜೊತೆ ಓದುತ್ತಿದ್ದವರು. 1947ರಲ್ಲಿ ಫಲಿತಾಂಶ ಅಚ್ಚಾಯಿತು. ಮೂರರಲ್ಲಿ ಎರಡು ಪಾಲು ಮಕ್ಕಳು ಆಡೋಕೆ ಬಿಳಿ ಗೊಂಬೆಯನ್ನೇ ಎತ್ತಿಕೊಂಡಿದ್ದರು. ಕೆಟ್ಟದಾಗಿ ಕಾಣೋದು ಯಾವುದು ಅಂದಾಗ 59 ಶೇಕಡ ಮಕ್ಕಳ ಕೈ ಹೋಗಿದ್ದು ಕಂದು ಗೊಂಬೆ ಕಡೆಗೆ.

ಎಂಟನೆಯ ಪ್ರಶ್ನೆ ಬಂದಾಗ ಕೆಲವು ಮಕ್ಕಳು ಅತ್ತರು. ಕೆಲವರು ಎದ್ದು ಓಡಿದರು. ಅರ್ಕನ್ಸಾದ ಒಬ್ಬ ಹುಡುಗ ಮಾತ್ರ ನಕ್ಕ. ಕಂದು ಗೊಂಬೆ ತೋರಿಸಿ, ಕಪ್ಪು ಜನರನ್ನು ಬೈಯುವ ಆ ಹಳೇ ಪದವನ್ನೇ ಹೇಳಿ, ನಾನೂ ಅದೇ ಅಂದ. ಅತ್ತ ಮಕ್ಕಳಿಗಿಂತ ಆ ನಗು ತಮ್ಮನ್ನು ಹೆಚ್ಚು ಕಲಕಿತು ಅಂತ ಕೆನೆತ್ ಆಮೇಲೆ ಹೇಳಿಕೊಂಡಿದ್ದಾರೆ.

1951ರಲ್ಲಿ ಅವರು ಅದೇ ಗೊಂಬೆ ಹಿಡಿದುಕೊಂಡು ಸೌತ್ ಕ್ಯಾರೊಲೈನಾದ ಕ್ಲಾರೆಂಡನ್ ಜಿಲ್ಲೆಗೆ ಹೋದರು. ಅಲ್ಲಿನ ಕಪ್ಪು ಪೋಷಕರು ಶಾಲೆಯ ವಿಚಾರಕ್ಕೆ ಕೋರ್ಟಿಗೆ ಹೋಗಿದ್ದರು. ಕೆನೆತ್ 16 ಮಕ್ಕಳನ್ನು ಪರೀಕ್ಷಿಸಿದರು. 11 ಮಕ್ಕಳು ಕಂದು ಗೊಂಬೆಯೇ ಕೆಟ್ಟದಾಗಿ ಕಾಣುತ್ತದೆ ಅಂದರು. ಆ ಮೊಕದ್ದಮೆ ಬೇರೆ ರಾಜ್ಯಗಳ ಮೊಕದ್ದಮೆಗಳ ಜೊತೆ ಸೇರಿ ಸುಪ್ರೀಂ ಕೋರ್ಟ್ ತಲುಪಿತು. 1954ರ ಮೇ 17ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು: ಪ್ರತ್ಯೇಕ ಶಾಲೆ ಸಂವಿಧಾನಕ್ಕೆ ವಿರುದ್ಧ. ತೀರ್ಪಿನ 11ನೇ ಅಡಿಟಿಪ್ಪಣಿಯಲ್ಲಿ ಮೊದಲು ಬರುವುದೇ ಕೆನೆತ್ ಅವರ ಬರಹ.

ಗೊಂಬೆ ಗೆದ್ದಿತು ಅಂತ ಈ ಕಥೆಯನ್ನು ಇಲ್ಲಿಗೇ ಮುಗಿಸುವವರು ಜಾಸ್ತಿ. ನನಗೆ ಕಾಡುವುದು ಇದರ ಮುಂದಿನ ಭಾಗ.

ಪ್ರತ್ಯೇಕ ಶಾಲೆಯಿಂದ ಕಪ್ಪು ಮಕ್ಕಳ ಮನಸ್ಸಿಗೆ ಗಾಯವಾಗುತ್ತದೆ ಅನ್ನುವುದನ್ನು ಕೋರ್ಟ್ ಕೇಳಿಸಿಕೊಂಡಿತು. ಬಿಳಿ ಮಕ್ಕಳಿಗೂ ಅದರಿಂದ ಹಾನಿಯಿದೆ ಅಂತಲೂ ಕೆನೆತ್ ಬರೆದಿದ್ದರು. ನಾವೇ ಮೇಲು ಅಂತ ಸುಳ್ಳು ನಂಬಿಕೊಂಡು ಬೆಳೆಯುವುದೂ ಒಂದು ಹಾನಿಯೇ ಅಲ್ವಾ? ಆ ಮಾತು ತೀರ್ಪಿಗೆ ಬರಲಿಲ್ಲ. ಅದನ್ನು ಕೈಬಿಟ್ಟರು ಅನ್ನುವ ಕೊರಗು ಕೆನೆತ್‌ಗೆ ಉಳಿದೇ ಇತ್ತು. ಹೀಗಾಗಿ ಏನೋ ಕೆಟ್ಟಿರುವುದು ಕಪ್ಪು ಮಗುವಿನೊಳಗೆ, ಅದನ್ನು ಸರಿಮಾಡಬೇಕು ಅನ್ನುವ ಓದು ಹಬ್ಬಿತು.

ಆ ಓದಿಗೆ ಅಡ್ಡ ನಿಂತಿದ್ದು ಅಂಕಿಗಳೇ. ಬಿಳಿ ಗೊಂಬೆ ಬೇಕು ಅಂದವರಲ್ಲಿ ಉತ್ತರದ ಮಿಶ್ರ ಶಾಲೆಯ ಮಕ್ಕಳೇ ಹೆಚ್ಚು. ಪ್ರತ್ಯೇಕ ಶಾಲೆಯೊಂದೇ ಕಾರಣವಾಗಿದ್ದರೆ ತಿರುಗುಮುರುಗಾಗಬೇಕಿತ್ತು. ವಿಲಿಯಂ ಕ್ರಾಸ್ ಎಂಬ ಕಪ್ಪು ಮನಃಶಾಸ್ತ್ರಜ್ಞ ಇದನ್ನೆಲ್ಲ ಮತ್ತೆ ಕೆದಕಿದರು. ಒಂದು ಮಗು ಬಿಳಿ ಗೊಂಬೆ ಎತ್ತಿಕೊಂಡಿತು ಅಂದರೆ ಅದು ತನ್ನನ್ನೇ ದ್ವೇಷಿಸುತ್ತದೆ ಅಂತಲ್ಲ. ಲೋಕ ಯಾವುದನ್ನು ಚೆಂದ ಅನ್ನುತ್ತದೆ ಅನ್ನುವುದು ಅದಕ್ಕೆ ಗೊತ್ತಿದೆ. ತನ್ನ ಬಗ್ಗೆ ಪ್ರೀತಿ ಬೇರೆ, ತನ್ನ ಗುಂಪಿನ ಬಗ್ಗೆ ಕೇಳಿಸಿಕೊಂಡ ಮಾತು ಬೇರೆ. ನನ್ನ ಪ್ರಕಾರ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. ಬೊಟ್ಟು ಮಗುವಿನ ಕಡೆಯಿಂದ ಮಗುವಿನ ಸುತ್ತ ಇರುವವರ ಕಡೆ ತಿರುಗಿತು.

1971ರಲ್ಲಿ ಕ್ರಾಸ್ ಇನ್ನೊಂದು ವಿಷಯವನ್ನೂ ಬಿಡಿಸಿಟ್ಟಿದ್ದರು. ತಾನು ಕಪ್ಪು ಜನಾಂಗದವನು ಅನ್ನುವ ಅರಿವು ಒಮ್ಮೆಲೇ ಬರುವುದಿಲ್ಲ, ಹಂತಹಂತವಾಗಿ ಬರುತ್ತದೆ. ಮೊದಲು ಬಣ್ಣ ದೊಡ್ಡ ವಿಷಯವೇ ಅಲ್ಲ ಅನಿಸುತ್ತದೆ. ಆಮೇಲೆ ಒಂದು ಪೆಟ್ಟು. ಅಂಗಡಿಯ ಕಾವಲುಗಾರ ಹಿಂದೆಯೇ ಬರುತ್ತಾನೆ. ನಿನ್ನೆಯವರೆಗೆ ಹುಟ್ಟುಹಬ್ಬಕ್ಕೆ ಕರೆಯುತ್ತಿದ್ದ ಗೆಳತಿ ಈ ಸಲ ಕರೆಯುವುದಿಲ್ಲ. ಆಗ ಸಿಟ್ಟು, ತನ್ನವರನ್ನೇ ಹುಡುಕುವ ಹಂಬಲ, ತನ್ನವರ ಹಾಡು, ಕೂದಲು, ಇತಿಹಾಸ. ನಿಧಾನಕ್ಕೆ ಒಂದು ಸಮಾಧಾನ. ಕ್ರಾಸ್ ಮೊದಲು ಬರೆದದ್ದು ದೊಡ್ಡವರನ್ನು ನೋಡಿ. ಜೀನ್ ಫಿನ್ನಿ ಎಂಬ ಮನಃಶಾಸ್ತ್ರಜ್ಞೆ 1980ರ ದಶಕದ ಕೊನೆಗೆ ಇಂಥದ್ದೇ ಹುಡುಕಾಟವನ್ನು ಹದಿಹರೆಯದವರಲ್ಲಿ, ಬೇರೆ ಬೇರೆ ಸಮುದಾಯಗಳಲ್ಲಿ ನೋಡಿದರು.

ಬಿಳಿ ಮಕ್ಕಳು? ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮರುದಿನ, 1968ರ ಏಪ್ರಿಲ್ 5ರಂದು, ಅಯೋವಾದ ರೈಸ್‌ವಿಲ್ ಎಂಬ ಬಿಳಿಯರ ಊರಲ್ಲಿ ಮೂರನೇ ಕ್ಲಾಸಿನ ಟೀಚರ್ ಜೇನ್ ಎಲಿಯಟ್ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಭಾಗ ಮಾಡಿದರು. ಒಂದು ಗುಂಪು ಮೇಲು, ಇನ್ನೊಂದು ಕೀಳು. ಆಮೇಲೆ ಅದಲುಬದಲು. ಕೆಲವೇ ಗಂಟೆಯಲ್ಲಿ ಒಳ್ಳೇ ಮಕ್ಕಳೇ ಗೆಳೆಯರನ್ನು ಹೀಯಾಳಿಸತೊಡಗಿದರು. ಪುಟ್ಟ ಮಕ್ಕಳ ಮೇಲೆ ಹೀಗೆ ಮಾಡಬಹುದಿತ್ತಾ ಅನ್ನುವ ಜಗಳ ಇನ್ನೂ ನಿಂತಿಲ್ಲ. ನನಗೂ ಅದು ಸರಿ ಅನಿಸುವುದಿಲ್ಲ. 2010ರಲ್ಲಿ ಸಿಎನ್‌ಎನ್ ಸುದ್ದಿವಾಹಿನಿಗಾಗಿ ಮನಃಶಾಸ್ತ್ರಜ್ಞೆ ಮಾರ್ಗರೆಟ್ ಬೀಲ್ ಸ್ಪೆನ್ಸರ್ ಗೊಂಬೆ ಬದಲು ಚಿತ್ರ ಇಟ್ಟು ಬಿಳಿ ಮಕ್ಕಳನ್ನೂ ಕೇಳಿದರು. ಬಿಳಿ ಬಣ್ಣದ ಕಡೆ ವಾಲಿದವರಲ್ಲಿ ಬಿಳಿ ಮಕ್ಕಳೇ ತುಂಬಾ ಮುಂದಿದ್ದರು. ಕಪ್ಪು ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಈ ವಿಷಯ ಮಾತಾಡುತ್ತಾರೆ, ಬಿಳಿಯರು ಅಷ್ಟಾಗಿ ಮಾತಾಡುವುದಿಲ್ಲ ಅಂದರು ಸ್ಪೆನ್ಸರ್.

ಇದನ್ನೆಲ್ಲ ಓದುವಾಗ ನಮ್ಮ ಮನೆಗಳೇ ಕಣ್ಮುಂದೆ ಬರುತ್ತವೆ. ಮಗು ಹುಟ್ಟಿದ ದಿನವೇ ಬಣ್ಣ ನೋಡುವವರು ನಾವು. "ಕಪ್ಪಗಿದ್ರೂ ಲಕ್ಷಣವಾಗಿದೆ" ಅಂತ ಹೊಗಳುತ್ತೇವೆ. ನಮ್ಮ ಮಗಳ ಬಣ್ಣಕ್ಕೆ ಯಾರಾದರೂ ಏನಾದರೂ ಅಂದರೆ ನಮಗೆ ನೋವಾಗುತ್ತದೆ, ಆಗಲೇಬೇಕು. ಆದರೆ ಯಲ್ಲಾಪುರ, ಹಳಿಯಾಳದ ಸಿದ್ದಿ ಹುಡುಗರು ಬೆಂಗಳೂರಿಗೆ ಬಂದರೆ? ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದು ತಲೆಮಾರುಗಳೇ ಕಳೆದಿವೆ. ಕನ್ನಡ, ಕೊಂಕಣಿ ಮಾತಾಡುತ್ತಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೂ ಸೇರಿದರು. ಆದರೂ ಬಸ್ಸಲ್ಲಿ "ಯಾವ ದೇಶ?" ಅಂತ ಕೇಳುತ್ತೇವೆ. 2012ರ ಆಗಸ್ಟ್‌ನಲ್ಲಿ, ತಮ್ಮ ಮೇಲೆ ಹಲ್ಲೆಯಾಗುತ್ತದೆ ಅನ್ನುವ ಒಂದು ಗಾಳಿಸುದ್ದಿಗೆ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರು. ಇಲ್ಲಿ ಯಾರಾದರೂ ನಮ್ಮ ಪರ ನಿಲ್ಲುತ್ತಾರೆ ಅನ್ನುವ ಧೈರ್ಯ ಅವರಿಗೆ ಇರಲಿಲ್ಲ. 2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ದೆಹಲಿಯಲ್ಲಿ ಹಲ್ಲೆಗೊಳಗಾಗಿ ಸತ್ತ ಮೇಲೆ ಬೆಜ್‌ಬರುವಾ ಸಮಿತಿ ನೇಮಕವಾಯಿತು. ಈಶಾನ್ಯದ ಇತಿಹಾಸವನ್ನು ದೇಶದ ಎಲ್ಲ ಮಕ್ಕಳೂ ಓದಬೇಕು ಅಂತ ಅದು ಹೇಳಿತು. ಈ ಪಾಠ ಕಲಿಯಬೇಕಾದವರು ಈಶಾನ್ಯದ ಮಕ್ಕಳಲ್ಲ, ನಮ್ಮವರು.

ಹೋದ ವರ್ಷ ನನ್ನ ಮಗಳು ಶಾಲೆಯಿಂದ ಬಂದವಳು, ಮಣಿಪುರದ ಗೆಳತಿಗೆ ಹುಡುಗರು ಇಟ್ಟ ಅಡ್ಡಹೆಸರನ್ನು ಸುಮ್ನೆ ಹೇಳಿದಳು. ಕಣ್ಣು ನೋಡಿ ಇಟ್ಟ ಹೆಸರು ಅದು. ನನ್ನ ಮುಖ ನೋಡಿ, "ಅಯ್ಯೋ ಅಮ್ಮಾ, ಅವಳಿಗೇನೂ ಬೇಜಾರಿಲ್ಲ. ಕರೆದಾಗ ಅವಳೂ ನಗ್ತಾಳೆ" ಅಂದಳು. ಅವತ್ತು ರಾತ್ರಿ ಅವಳನ್ನು ಪಕ್ಕ ಕೂರಿಸಿಕೊಂಡು, ಅರ್ಕನ್ಸಾದಲ್ಲಿ ನಕ್ಕ ಆ ಹುಡುಗನ ಕಥೆ ಹೇಳಿದೆ.