ಖಿನ್ನತೆ, ಉರಿಯೂತ, ಆತ್ಮಹತ್ಯೆಯ ಯೋಚನೆ: ಓದುವಾಗ ಬರೆದುಕೊಂಡಿದ್ದು

ಈ ಪಾಠವನ್ನು ಜ್ವರದಿಂದ ಶುರು ಮಾಡಿ, ಬೇಗ ತಲೆಗೆ ಹತ್ತುತ್ತದೆ. ಮಂಡ್ಯದ ಹತ್ತಿರ ನಮ್ಮೂರಲ್ಲಿ ಅಜ್ಜಿಗೆ ಚಿಕೂನ್‌ಗುನ್ಯ ಬಂದಾಗ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದರು. ಮುದ್ದೆ, ಬಸ್ಸಾರು ತಟ್ಟೆಯಲ್ಲೇ ಆರಿಹೋಯಿತು. ಮಾತಾಡಿಸಿದರೆ "ನನ್ ಪಾಡಿಗ್ ಬುಟ್ಬುಡು ಮಗ" ಅಂದರು. ಊಟ ಸೇರದು, ನಿದ್ದೆ ಸರಿಯಿಲ್ಲ, ಜನ ಬೇಡ, ಯಾವುದರ ಮೇಲೂ ಆಸೆಯಿಲ್ಲ. ರೋಗಾಣುವನ್ನು ಎದುರಿಸಲು ರಕ್ಷಣಾ ಕಣಗಳು ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಬಿಡುತ್ತವೆ. ದೇಹದ ಈ ಪ್ರತಿಕ್ರಿಯೆಯೇ ಉರಿಯೂತ. ಅವುಗಳ ಸುದ್ದಿ ಮಿದುಳಿಗೆ ಮುಟ್ಟಿದಾಗ ಮನುಷ್ಯ ಹೀಗಾಗುತ್ತಾನೆ. ಇದೇ ಲಕ್ಷಣಗಳನ್ನು ಖಿನ್ನತೆಯ ಲಕ್ಷಣಗಳ ಪಕ್ಕ ಇಟ್ಟು ನೋಡಿ.

ನನಗೆ ಬಲವಾದ ಪುರಾವೆ ಅನಿಸಿದ್ದು ಇಂಟರ್‌ಫೆರಾನ್-ಆಲ್ಫಾ. ಅದೂ ಒಂದು ಸೈಟೊಕೈನ್. ಹಿಂದೆ ಹೆಪಟೈಟಿಸ್ ಸಿ ಕಾಯಿಲೆಗೆ ಇದರ ಇಂಜೆಕ್ಷನ್ ಕೊಡುತ್ತಿದ್ದರು. ಮೊದಲು ಮನಸ್ಸು ಚೆನ್ನಾಗಿದ್ದವರಲ್ಲೂ ಎಷ್ಟೋ ಜನರಿಗೆ ಕೆಲವು ವಾರ, ತಿಂಗಳಲ್ಲಿ ಖಿನ್ನತೆ ಬಂತು, ಕೆಲವರಿಗೆ ಸಾಯುವ ಯೋಚನೆಯೂ ಬಂತು. ಅಂದರೆ ಉರಿಯೂತ ಖಿನ್ನತೆಯ ಜೊತೆಗೆ ಸುಮ್ಮನೆ ಕಾಣಿಸಿಕೊಳ್ಳುವುದಷ್ಟೇ ಅಲ್ಲ, ಕೆಲವರಲ್ಲಿ ಅದನ್ನು ತರಲೂಬಲ್ಲದು.

ಪರೀಕ್ಷೆ ಬರೆಯಲು, ರಕ್ತದಲ್ಲಿ ಉರಿಯೂತ ತೋರಿಸುವ ಮೂರು ಹೆಸರು ಸಾಕು: ಇಂಟರ್‌ಲ್ಯೂಕಿನ್-6, ಟಿಎನ್‌ಎಫ್-ಆಲ್ಫಾ, ಸಿಆರ್‌ಪಿ. ಮೊದಲೆರಡು ಸೈಟೊಕೈನ್‌ಗಳು. ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಲಿವರಿನಲ್ಲಿ ತಯಾರಾಗುತ್ತದೆ, ಇಂಟರ್‌ಲ್ಯೂಕಿನ್-6 ಹೇಳಿದಾಗ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡಿದ್ದು ಈ ಸಿಆರ್‌ಪಿಯೇ. ರಿಪೋರ್ಟು ಓದುವಾಗ ಮಾನ ನೋಡಿಕೊಳ್ಳಿ: ಕೆಲವು ಲ್ಯಾಬು ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ, ಅಲ್ಲಿಯ 0.6 ಅಂದರೆ ಲೀಟರಿಗೆ 6 ಮಿಲಿಗ್ರಾಂ.

ಖಿನ್ನತೆ ಇರುವವರಲ್ಲಿ ಸುಮಾರು ಕಾಲು ಭಾಗದವರಿಗೆ ಸಿಆರ್‌ಪಿ ಲೀಟರಿಗೆ 3 ಮಿಲಿಗ್ರಾಂ ದಾಟಿರುತ್ತದೆ. ಮುಕ್ಕಾಲು ಪಾಲು ಜನಕ್ಕೆ ದಾಟಿರುವುದಿಲ್ಲ, ಇದನ್ನು ಮರೆಯಬೇಡಿ. ಬೊಜ್ಜು, ಬೀಡಿ, ಸಕ್ಕರೆ ಕಾಯಿಲೆ, ಕೀವಾದ ಹಲ್ಲು, ಇವೂ ಅದನ್ನು ಏರಿಸುತ್ತವೆ. 2013ರಲ್ಲಿ ಮಾತ್ರೆಗೆ ಬಗ್ಗದ ಖಿನ್ನತೆಯ 60 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಜನಕ್ಕೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್, ಉಳಿದವರಿಗೆ ಔಷಧವಿಲ್ಲದ ಡ್ರಿಪ್. ಒಟ್ಟಾರೆ ಫಲ ಸಿಗಲಿಲ್ಲ. ಆದರೆ ಸಿಆರ್‌ಪಿ 5ಕ್ಕಿಂತ ಮೇಲಿದ್ದವರಲ್ಲಿ ಸುಧಾರಣೆಯ ಸುಳಿವು ಕಂಡಿತು. ಖಿನ್ನತೆ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕಾಯಿಲೆಗಳಿವೆ ಎಂಬ ಅನುಮಾನ ನನಗೆ ಗಟ್ಟಿಯಾದದ್ದು ಇಲ್ಲಿ.

ಇನ್ನು ಆತ್ಮಹತ್ಯೆಯ ಯೋಚನೆ. 2009ರ ಸ್ವೀಡನ್ನಿನ ಅಧ್ಯಯನದಲ್ಲಿ, ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಉಳಿದವರ ಮಿದುಳು-ಬೆನ್ನುಹುರಿ ದ್ರವದಲ್ಲಿ ಇಂಟರ್‌ಲ್ಯೂಕಿನ್-6 ಆರೋಗ್ಯವಂತರಿಗಿಂತ ಹೆಚ್ಚಿತ್ತು. ದಾರಿ ಹೀಗೆ: ಉರಿಯೂತವಾದಾಗ ಐಡಿಒ ಎಂಬ ಕಿಣ್ವ ಚುರುಕಾಗುತ್ತದೆ. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸಿರೊಟೊನಿನ್ ತಯಾರಿಸಲೂ ಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಅದು ಕೈನುರೆನಿನ್ ಎಂಬ ಇನ್ನೊಂದು ವಸ್ತುವಿನ ಕಡೆಗೆ ತಿರುಗಿಸುತ್ತದೆ, ವಿಸಿ ನಾಲೆಯ ನೀರನ್ನು ಪಕ್ಕದ ಕಾಲುವೆಗೆ ತಿರುಗಿಸಿದ ಹಾಗೆ. ಆ ಕೈನುರೆನಿನ್‌ನಿಂದ ಮಿದುಳಿನ ರಕ್ಷಣಾ ಕಣಗಳಾದ ಮೈಕ್ರೋಗ್ಲಿಯಾ ಕ್ವಿನೊಲಿನಿಕ್ ಆಮ್ಲ ಮಾಡುತ್ತವೆ. ಅದು ಮಿದುಳಿನ ಸಂದೇಶವಾಹಕ ಗ್ಲುಟಮೇಟಿನ ಎನ್‌ಎಂಡಿಎ ಗ್ರಾಹಕವನ್ನು ಕೆರಳಿಸುತ್ತದೆ. ಕೆಟಮಿನ್ ಎಂಬ ಅರಿವಳಿಕೆ ಔಷಧ ತಡೆಯುವುದೂ ಇದೇ ಗ್ರಾಹಕವನ್ನು, ಮತ್ತು ಆ ಔಷಧ ಸಾಯುವ ಯೋಚನೆಯನ್ನು ಗಂಟೆಗಳಲ್ಲಿ ತಗ್ಗಿಸಬಲ್ಲದು.

ಇಷ್ಟೆಲ್ಲ ಓದಿಕೊಂಡು ಮೈಸೂರಿನ ಒಂದು ವಾರ್ಡಿನಲ್ಲಿ ಖಿನ್ನತೆಯ ರೋಗಿಯೊಬ್ಬರ ಕೇಸ್ ಹೇಳುವಾಗ ನಾನು, "ಸಿಆರ್‌ಪಿ ನಾರ್ಮಲ್ ಇದೆ ಮೇಡಂ, ಅಪಾಯ ಕಡಿಮೆ" ಅಂದೆ. ಮೇಡಂ ಫೈಲು ಮುಚ್ಚಿ, "ಅವರನ್ನ ಕೇಳಿದ್ಯಾ?" ಅಂದರು. ಕೇಳಿರಲಿಲ್ಲ. ಯಾರಿಗೆ ಸಾಯುವ ಯೋಚನೆ ಇದೆ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆಗೂ ಆಧಾರವಿಲ್ಲ. ಆಮೇಲೆ ಹೋಗಿ ಮಂಚದ ಪಕ್ಕ ಕೂತು, "ಅಣ್ಣ, ಬದುಕೇ ಬೇಡ ಅನ್ಸುತ್ತಾ? ಸಾಯೋ ಯೋಚ್ನೆ ಬರುತ್ತಾ?" ಅಂತ ಕೇಳಿದೆ. ಬೆಡ್‌ಶೀಟಿನ ಅಂಚು ಮಡಿಸುತ್ತಿದ್ದವರು ಕೈ ನಿಲ್ಲಿಸಿ, "ಜೀವ ರೋಸೋಗದೆ ಕಣವ್ವ" ಅಂದರು. ಮೇಡಂ ಅವರನ್ನು ಕರೆತರುವವರೆಗೂ ರೋಗಿಯನ್ನು ಒಂಟಿ ಬಿಡದಂತೆ ಅವರ ತಮ್ಮನಿಗೆ ಹೇಳಿ ಓಡಿದೆ.

ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ 14416 ಬರೆದಿಟ್ಟುಕೊಳ್ಳಿ, ಟೆಲಿ-ಮಾನಸ್ ಸಹಾಯವಾಣಿ. ಹಗಲು-ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ರೋಗಿಗಳಿಗೆ ಮಾತ್ರವಲ್ಲ, ಹಾಸ್ಟೆಲಿನಲ್ಲಿ ಓದುತ್ತಾ ಕೂತ ನಮಗೂ.