ಬಿಯರ್ ಯಾವಾಗ ಬಾಟ್ಲಿಗೆ ತುಂಬ್ಬೇಕು? ಕ್ಯಾಲೆಂಡರ್ ಪಕ್ಕಕ್ಕಿಡಿ

ಅಮೆರಿಕ, ಇಂಗ್ಲೆಂಡ್ ಕಡೆ ಇರೋ ನಮ್ಮವರು ಮನೇಲೇ ಬಿಯರ್ ಮಾಡೋಕೆ ಶುರು ಮಾಡಿದ ತಕ್ಷಣ ಕೇಳೋದು ಒಂದೇ, ಎಷ್ಟು ದಿನ ಹುಳಿಯೋಕೆ ಬಿಡ್ಬೇಕು ಅಂತ. (ಕರ್ನಾಟಕದಲ್ಲಿ ಲೈಸೆನ್ಸ್ ಇಲ್ದೆ ಮಾಡಿದ್ರೆ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಇಲ್ಲಿ ಪ್ರಯತ್ನ ಪಡ್ಬೇಡಿ. ಅಮೆರಿಕದಲ್ಲೂ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕೋವರೆಗೂ ಫೆಡರಲ್ ಕಾನೂನಲ್ಲಿ ಇದಕ್ಕೆ ಜಾಗ ಇರ್ಲಿಲ್ಲ.) ಕಿಟ್ ಡಬ್ಬಿ ಮೇಲೆ ಏಳು ದಿನ ಅಂತ ಬರೆದಿದ್ರೆ ಏಳನೇ ದಿನ ಬಾಟ್ಲಿ ತೊಳ್ಕೊಂಡು ಕೂತ್ಬಿಡ್ತಾರೆ. ಡಬ್ಬಿ ಓದೋಕೆ, ಸಕ್ಕರೆ ತಿಂದು ಆಲ್ಕೋಹಾಲು ಗ್ಯಾಸು ಮಾಡೋ ಯೀಸ್ಟ್‌ಗೆ ಬರಲ್ಲ ಸ್ವಾಮಿ! ಮೇ ತಿಂಗಳಲ್ಲಿ ಮಲಗೋ ಹೊತ್ತಿಗೇ ಉಕ್ಕಿ ಪಾತ್ರೆಯಿಂದ ಆಚೆ ಬರೋ ದೋಸೆ ಹಿಟ್ಟು ಡಿಸೆಂಬರಲ್ಲಿ ಬೆಳಿಗ್ಗೆ ಆದ್ರೂ ಏಳಲ್ಲ, ಅಲ್ಲಿ ನಾವು ಗಡಿಯಾರ ನೋಡ್ತೀವಾ, ಹಿಟ್ಟು ನೋಡ್ತೀವಾ?

ಇನ್ನು ಕೆಲವರು ಏರ್‌ಲಾಕ್‌ನಲ್ಲಿ (ಮುಚ್ಚಳದ ಮೇಲೆ ಕೂರೋ, ಗ್ಯಾಸ್ ಆಚೆ ಬಿಡೋ ನೀರಿನ ಕೊಳವೆ) ಗುಳ್ಳೆ ನಿಂತ್ರೆ ಮುಗೀತು ಅಂತಾರೆ. ಮುಚ್ಚಳ ಸ್ವಲ್ಪ ಸಡಿಲ ಇದ್ರೆ ಗ್ಯಾಸ್ ಅಲ್ಲೇ ಹೋಗುತ್ತೆ, ಗುಳ್ಳೆ ಬರೋದೇ ಇಲ್ಲ. ಎಲ್ಲಾ ಮುಗಿದ ಮೇಲೂ ರೂಮ್ ಬಿಸಿ ಆದ್ರೆ ಕರಗಿದ್ದ ಗ್ಯಾಸ್ ಆಚೆ ಬಂದು ಗುಳ್ಳೆ ಏಳುತ್ತೆ.

ನಂಬೋದಾದ್ರೆ ದ್ರವದ ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ನಂಬಿ. ಡೇರಿಯಲ್ಲಿ ಹಾಲಿಗೆ ಬಿಡೋ ಲ್ಯಾಕ್ಟೋಮೀಟರ್ ಇದೇ ಜಾತಿದು. 1784ರಲ್ಲೇ ಜಾನ್ ರಿಚರ್ಡ್‌ಸನ್ ಅನ್ನೋ ಇಂಗ್ಲಿಷ್ ಬ್ರೂವರ್ ಇದನ್ನ ಬ್ರೂವರಿಯಲ್ಲಿ ಹೇಗೆ ಬಳಸ್ಬೇಕು ಅಂತ ಪುಸ್ತಕ ಬರೆದಿದ್ದ, ಯೀಸ್ಟ್ ಒಂದು ಜೀವಿ ಅಂತ ಒಪ್ಪಿಕೊಳ್ಳೋಕೂ ಎಷ್ಟೋ ಮುಂಚೆ! ಶುರುವಲ್ಲಿ 1.050 ಇದ್ದ ಸಾಂದ್ರತೆ (ನೀರಿಂದು 1.000) ಸಕ್ಕರೆ ಖಾಲಿಯಾಗ್ತಾ ಸುಮಾರು 1.012ಕ್ಕೆ ಇಳಿಯುತ್ತೆ. ಎರಡು ಮೂರು ದಿನ ಬಿಟ್ಟು ಮತ್ತೆ ಅಳೆದಾಗ ಅದೇ ನಂಬರ್ ಬಂದ್ರೆ ಸಕ್ಕರೆ ಕೆಲಸ ಮುಗೀತು ಅಂತ. 1.020ರಲ್ಲೇ ತುಂಬಿದ್ರೆ? ಪ್ರತಿ ಪಾಯಿಂಟ್, ಅಂದ್ರೆ 0.001, ಸುಮಾರು ಅರ್ಧ ವಾಲ್ಯೂಮ್ ಕಾರ್ಬನ್ ಡೈಆಕ್ಸೈಡ್ ಕೊಡುತ್ತೆ, ಅಂದ್ರೆ ಒಂದು ಲೀಟರ್ ಬಿಯರಿಗೆ ಅರ್ಧ ಲೀಟರ್ ಗ್ಯಾಸ್. ಉಳಿದಿರೋ ಎಂಟು ಪಾಯಿಂಟಿಂದ ನಾಲ್ಕು ವಾಲ್ಯೂಮ್, ಗ್ಯಾಸ್ ಬರ್ಲಿ ಅಂತ ಬಾಟ್ಲಿಗೆ ಹಾಕೋ ಸಕ್ಕರೆದು ಸೇರಿ ಆರು ದಾಟುತ್ತೆ. ಸಾಮಾನ್ಯ ಬಿಯರಲ್ಲಿ ಇರೋದೇ ಎರಡೂವರೆ. ಗಾಜು ಸಿಡಿದು ಕೈ ಕಣ್ಣು ಹೋಗೋ ವಿಷಯ ಇದು, ತಮಾಷೆ ಅಲ್ಲ.

ಆದ್ರೆ ನನಗೆ ನಿಜಕ್ಕೂ ಖುಷಿ ಕೊಡೋದು ಸಕ್ಕರೆ ಮುಗಿದ ಮೇಲಿನ ಕಥೆ. ಯೀಸ್ಟ್ ತನಗೆ ಬೇಕಾದ ವ್ಯಾಲಿನ್ ಅನ್ನೋ ಅಮೈನೋ ಆಮ್ಲ ಮಾಡ್ಕೊಳ್ಳುವಾಗ ಆಲ್ಫಾ-ಅಸಿಟೋಲ್ಯಾಕ್ಟೇಟ್ ಅನ್ನೋ ವಸ್ತು ಸ್ವಲ್ಪ ಜೀವಕೋಶದಿಂದ ಆಚೆ ಸೋರುತ್ತೆ, ಅದು ಬಿಯರಲ್ಲಿ ಯಾರ ಸಹಾಯನೂ ಇಲ್ದೆ ತಾನೇ ನಿಧಾನಕ್ಕೆ ಡಯಾಸಿಟೈಲ್ ಆಗುತ್ತೆ, ಅದೇ ಬೆಣ್ಣೆ ಪಾಪ್‌ಕಾರ್ನ್ ವಾಸನೆ. ಆಮೇಲೆ ಅದೇ ಯೀಸ್ಟ್ ಅದನ್ನ ವಾಪಸ್ ಒಳಗೆ ಎಳ್ಕೊಂಡು ಅಸಿಟೋಯಿನ್, ಅಲ್ಲಿಂದ ಬ್ಯುಟೇನ್‌ಡಯಾಲ್ ಮಾಡಿಬಿಡುತ್ತೆ, ಇವು ಮೂಗಿಗೆ ಹತ್ತೋದೇ ಇಲ್ಲ. ಇದರಲ್ಲಿ ತಡ ಆಗೋದು ಮಧ್ಯದ, ಆಚೆ ನಡೆಯೋ ಹಂತ. ಅದಕ್ಕೆ ಬಿಸಿ ಬೇಕು, ಅದು ಆಗೋವರೆಗೂ ಯೀಸ್ಟ್ ಎಚ್ಚರ ಇರ್ಬೇಕು. ಹೈಡ್ರೋಮೀಟರ್ ನಿಂತ ದಿನವೇ ಫ್ರಿಜ್‌ಗೆ ಇಟ್ರೆ ಯೀಸ್ಟ್ ತಳ ಸೇರುತ್ತೆ, ಸೋರಿದ ವಸ್ತು ಅಲ್ಲೇ ಉಳಿದು ಮುಂದೊಂದು ದಿನ ಬೆಣ್ಣೆ ಆಗುತ್ತೆ. ಮಾಮೂಲಿ ಏಲ್‌ನಲ್ಲಿ (ಬೆಚ್ಚಗೆ ಹುಳಿಯೋ ಬಿಯರ್) 20 ಡಿಗ್ರಿ ಆಸುಪಾಸಲ್ಲಿ ಸಕ್ಕರೆ ಒಂದು ವಾರದಲ್ಲೇ ಮುಗಿದ್ರೂ ಎರಡು ವಾರ ಬಿಡೋದು ಇದಕ್ಕೇ.

ಜಾಸ್ತಿ ದಿನ ಬಿಟ್ರೆ ಯೀಸ್ಟ್ ಸತ್ತು ರುಚಿ ಕೆಡುತ್ತೆ ಅಂತ ಹೆದರಿಸೋರು ಇದಾರೆ, ಆ ಭಯ ಬಂದಿದ್ದು ದೊಡ್ಡ ಬ್ರೂವರಿಗಳ ಎತ್ತರದ ಟ್ಯಾಂಕುಗಳಿಂದ, ಅಲ್ಲಿ ತಳದ ಯೀಸ್ಟ್ ಮೇಲೆ ಒತ್ತಡನೂ ಶಾಖನೂ ಜಾಸ್ತಿ. 20 ಲೀಟರ್ ಬಕೆಟ್‌ನಲ್ಲಿ ಮೂರು ನಾಲ್ಕು ವಾರ ಏನೂ ಆಗಲ್ಲ.

ಅನುಮಾನ ಇದ್ರೆ ಎರಡು ಲೋಟ ಸ್ಯಾಂಪಲ್ ತಗೊಂಡು ಮುಚ್ಚಿ, ಒಂದನ್ನ 60-70 ಡಿಗ್ರಿ ಬಿಸಿ ನೀರಲ್ಲಿ 20 ನಿಮಿಷ ಇಟ್ಟು, ಆರಿಸಿ, ಎರಡನ್ನೂ ಮೂಸಿ. ಬಿಸಿ ಮಾಡಿದ್ರಲ್ಲಿ ಬೆಣ್ಣೆ ವಾಸನೆ ಬಂದ್ರೆ ಸೋರಿದ ವಸ್ತು ಇನ್ನೂ ಉಳಿದಿದೆ ಅಂತ, ಇನ್ನೂ ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಮೂಸಿ. ಲಾಗರ್ ಆದ್ರೆ ತಣ್ಣಗೆ ಹುಳಿಯೋದ್ರಿಂದ ಈ ಕಾಟ ಇನ್ನೂ ಜಾಸ್ತಿ, ಕೊನೇಲಿ ಎರಡು ಮೂರು ದಿನ 16-18 ಡಿಗ್ರಿಗೆ ಏರಿಸಿ.